‘ಪೋಸ್ಟ್ ಹಾಕೋದು ಫ್ರೀ’, ಆದರೆ ಮಾರಿದ ಮೇಲೆ ಉಳಿಯೋದೆಷ್ಟು? ಆನ್‌ಲೈನ್ ಮಾರಾಟದ ಪೂರ್ತಿ ಖರ್ಚಿನ ಲೆಕ್ಕ

ಬಾಗಲಕೋಟೆ: ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಳೇ ಬೈಕು, ಕಪಾಟು ಎಲ್ಲವೂ ಈಗ ಮೊಬೈಲ್‌ನಲ್ಲೇ ಮಾರಾಟಕ್ಕಿವೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಬಿಸಿನೆಸ್, ಮೀಶೋ ಹೀಗೆ ದಾರಿಗಳು ಹಲವು. ‘ಅಂಗಡಿ ಬಾಡಿಗೆ ಇಲ್ಲ, ಕಮಿಷನ್ ಇಲ್ಲ’ ಅನ್ನೋ ಮಾತು ಕೇಳಿ ಶುರು ಮಾಡಿದವರು ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ಮಾತ್ರ ಗಲ್ಲೆಯಲ್ಲಿ ರೊಕ್ಕ ಕಾಣುವುದಿಲ್ಲ. ಖರ್ಚು ಎಲ್ಲೆಲ್ಲಿ ಅಡಗಿರುತ್ತದೆ, ಬೆಲೆ ಹೇಗೆ ಇಡಬೇಕು ಎಂಬ ಮಾಹಿತಿ ಇಲ್ಲಿದೆ.

ಯಾವುದು ನಿಜವಾಗಿ ಫ್ರೀ?

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ವಸ್ತುವಿನ ಫೋಟೊ, ಬೆಲೆ ಹಾಕಲು ಶುಲ್ಕವಿಲ್ಲ. ಗಿರಾಕಿ ಊರಿನವರೇ ಆಗಿದ್ದು, ಮನೆಗೋ ಅಂಗಡಿಗೋ ಬಂದು ನೋಡಿ, ಹಣ ಕೊಟ್ಟು ಒಯ್ದರೆ ಮಾರಿದವರಿಗೆ ಪೂರ್ತಿ ಹಣ ಸಿಗುತ್ತದೆ. ಹಳೇ ಸಾಮಾನು ಮಾರುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂತು. ಸಣ್ಣ ಅಂಗಡಿಯವರು ಇದರಲ್ಲಿ ಉಚಿತವಾಗಿ ಕ್ಯಾಟಲಾಗ್ ಮಾಡಿಕೊಳ್ಳಬಹುದು. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಹಣಕ್ಕೂ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. 2020ರ ಜನವರಿ 1ರಿಂದ ಈ ನಿಯಮ ಜಾರಿಯಲ್ಲಿದೆ. ಸ್ವಂತ ವೆಬ್‌ಸೈಟ್ ಮಾಡಿ ಪೇಮೆಂಟ್ ಗೇಟ್‌ವೇ ಹಾಕಿಸಿಕೊಂಡರೆ ಮಾತ್ರ ಪ್ರತಿ ವ್ಯವಹಾರಕ್ಕೆ ಸಾಮಾನ್ಯವಾಗಿ ಶೇ 2ರ ಆಸುಪಾಸು ಕಡಿತ, ಅದರ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ.

ಬೆಂಗಳೂರು ಮೂಲದ ಮೀಶೋ 2021ರಲ್ಲಿ ಮಾರಾಟಗಾರರಿಗೆ ಶೂನ್ಯ ಕಮಿಷನ್ ಘೋಷಿಸಿತು. ಕಮಿಷನ್ ಇಲ್ಲ ಅಂದ ಮಾತ್ರಕ್ಕೆ ಖರ್ಚೇ ಇಲ್ಲ ಅಂತಲ್ಲ. ಸಾಗಣೆ, ಜಾಹೀರಾತು, ವಾಪಸ್ ಬಂದ ಸರಕು ಇವೆಲ್ಲ ಬೇರೆ. ಯಾವುದೇ ತಾಣಕ್ಕೆ ಸೇರುವ ಮೊದಲು ‘ವಾಪಸಾತಿ ಖರ್ಚು ಯಾರ ಮೇಲೆ?’ ಎಂಬ ನಿಯಮವನ್ನು ಓದಿಕೊಳ್ಳಲೇಬೇಕು.

ಒಂದು ಸೀರೆಯ ಲೆಕ್ಕ

ಉದಾಹರಣೆಗೆ ಒಂದು ಸೀರೆಯ ಅಸಲು ₹1,350, ಮಾರುವ ಬೆಲೆ ₹1,800 ಎಂದಿಟ್ಟುಕೊಳ್ಳಿ. ಸೀರೆಯ ಮೇಲಿನ ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಅಂಗಡಿಗೇ ಬಂದು ಒಯ್ದರೆ ₹450 ಉಳಿಯಿತು. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಟ್ಟು, ಐದು ಸೀರೆಗಳನ್ನು ಬೆಂಗಳೂರಿಗೆ ಪಾರ್ಸಲ್ ಮಾಡಿದರೆ ಖರ್ಚು ಹೀಗೆ:

- ಕೊರಿಯರ್: ಒಂದಕ್ಕೆ ₹90, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹106.20. ಐದಕ್ಕೆ ₹531
- ಕವರ್, ಬಾಕ್ಸ್, ಟೇಪು: ಒಂದಕ್ಕೆ ₹20. ಐದಕ್ಕೆ ₹100
- ಜಾಹೀರಾತು: ದಿನಕ್ಕೆ ₹100ರಂತೆ ಐದು ದಿನ ₹500, ಶೇ 18 ಜಿಎಸ್‌ಟಿ ಸೇರಿ ₹590

ಒಟ್ಟು ಖರ್ಚು ₹1,221. ಐದು ಸೀರೆಯಿಂದ ಬರಬೇಕಿದ್ದ ₹2,250ರಲ್ಲಿ ಉಳಿಯುವುದು ₹1,029. ಅಂದರೆ ಸೀರೆಗೆ ₹205.80.

ಈಗ ಐದರಲ್ಲಿ ಒಂದು ವಾಪಸ್ ಬಂತು ಅಂದುಕೊಳ್ಳಿ. ಮಾರಾಟವಾದದ್ದು ನಾಲ್ಕು, ಲಾಭ ₹1,800. ಖರ್ಚಿಗೆ ವಾಪಸ್ ಪಾರ್ಸಲ್‌ನ ₹106.20 ಸೇರಿ ₹1,327.20 ಆಯಿತು. ಕೈಯಲ್ಲಿ ಉಳಿದದ್ದು ₹472.80 ಮಾತ್ರ. ಒಂದೇ ಒಂದು ಸೀರೆ ಹಿಂತಿರುಗಿದ್ದಕ್ಕೆ ಗಳಿಕೆ ಅರ್ಧಕ್ಕಿಂತ ಕೆಳಗೆ ಬಂತು. ಬಂದ ಸೀರೆಯ ಮಡಿಕೆ ಕೆಟ್ಟಿದ್ದರೆ, ಕಲೆ ಬಿದ್ದಿದ್ದರೆ ಅದೂ ಹೋಯಿತು.

ಇದರಲ್ಲಿ ಫೋಟೊ ತೆಗೆಯುವ, ರಾತ್ರಿ ಹನ್ನೊಂದಕ್ಕೆ ‘ರೇಟ್ ಎಷ್ಟ್ರೀ, ಕಮ್ಮಿ ಮಾಡ್ರಿ’ ಅನ್ನೋ ಮೆಸೇಜಿಗೆ ಉತ್ತರ ಕೊಡುವ ದುಡಿಮೆಯ ಕೂಲಿ ಸೇರಿಲ್ಲ.

ವಾಪಸಾತಿ ತಗ್ಗಿಸೋದು ಹೇಗೆ?

ಜಾಹೀರಾತಿಗೆ ಇನ್ನಷ್ಟು ಹಣ ಸುರಿಯುವುದಕ್ಕಿಂತ ವಾಪಸ್ ಬರುವುದನ್ನು ತಡೆಯುವುದೇ ಲಾಭ.

- ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ‘ಫೋಟೊದಾಗ ಇದ್ದ ಬಣ್ಣ ಇದಲ್ಲ’ ಅನ್ನೋ ತಕರಾರಿಗೆ ಇದೇ ಮದ್ದು.
- ಕೈಮಗ್ಗದ್ದೋ ಪವರ್‌ಲೂಮ್‌ನದ್ದೋ, ರೇಷ್ಮೆಯೋ ಆರ್ಟ್ ಸಿಲ್ಕೋ, ಉದ್ದ ಎಷ್ಟು, ರವಿಕೆ ಕಣ ಇದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.
- ಪ್ಯಾಕ್ ಮಾಡುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ‘ಹರಿದ ಸೀರೆ ಬಂದೈತಿ’ ಎಂದರೆ ನಿಮ್ಮ ಬಳಿ ಪುರಾವೆ ಇರುತ್ತದೆ.
- ಕ್ಯಾಶ್ ಆನ್ ಡೆಲಿವರಿಯಲ್ಲಿ ಮನೆಬಾಗಿಲಲ್ಲೇ ಬೇಡವೆನ್ನುವವರು ಹೆಚ್ಚು. ಕನಿಷ್ಠ ಪಾರ್ಸಲ್ ಖರ್ಚನ್ನಾದರೂ ಮುಂಗಡ ಪಡೆಯುವುದು ಒಳ್ಳೆಯದು.

ತೆರಿಗೆ: ಕಡಿತ ಯಾವುದು, ಖರ್ಚು ಯಾವುದು?

ಮೀಶೋದಂಥ ತಾಣಗಳು ಗಿರಾಕಿಯಿಂದ ಹಣ ಪಡೆದು ನಂತರ ಮಾರಾಟಗಾರರಿಗೆ ಕೊಡುತ್ತವೆ. ಆಗ ಎರಡು ಕಡಿತ ಕಾಣಿಸುತ್ತವೆ. ಒಂದು ಜಿಎಸ್‌ಟಿಯ ಟಿಸಿಎಸ್: 2024ರ ಜುಲೈ 10ರಿಂದ ಶೇ 1ರ ಬದಲು ಶೇ 0.5. ಇನ್ನೊಂದು ಆದಾಯ ತೆರಿಗೆಯ ಟಿಡಿಎಸ್: 2024ರ ಅಕ್ಟೋಬರ್ 1ರಿಂದ ಶೇ 1ರ ಬದಲು ಶೇ 0.1. ₹1,000 ಮಾರಾಟಕ್ಕೆ ಇವು ₹5 ಮತ್ತು ₹1. ಇವು ಖರ್ಚಲ್ಲ, ಮುಂಗಡ ತೆರಿಗೆ ಇದ್ದಂತೆ. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು. ರಿಟರ್ನ್ ಸಲ್ಲಿಸದೇ ಇದ್ದರೆ ಕೈಬಿಟ್ಟ ಹಣವೇ ಸರಿ. ವ್ಯಕ್ತಿಯೊಬ್ಬರ ಆ ತಾಣದ ವಾರ್ಷಿಕ ಮಾರಾಟ ₹5 ಲಕ್ಷ ಮೀರದೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಟಿಡಿಎಸ್ ಕಡಿತವಿಲ್ಲ.

ಜಿಎಸ್‌ಟಿ ನೋಂದಣಿ ಇಲ್ಲದವರಿಗೂ ಈಗ ದಾರಿ ಇದೆ. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು ಮಿತಿಯೊಳಗಿರುವ (ನಮ್ಮ ರಾಜ್ಯದಲ್ಲಿ ಸರಕಿಗೆ ₹40 ಲಕ್ಷ) ಸಣ್ಣ ವ್ಯಾಪಾರಿಗಳು ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇಂಥ ತಾಣಗಳಲ್ಲಿ ಮಾರಬಹುದು. ಆದರೆ ಮಾರಾಟ ರಾಜ್ಯದೊಳಗೆ ಮಾತ್ರ.

ನಮ್ಮ ಭಾಗದವರು ಎಡವುವುದು ಇಲ್ಲೇ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಬೇಡಿಕೆ ಇದೆ. ಹುಬ್ಬಳ್ಳಿಗೆ ಕಳಿಸುವುದೂ ಸೊಲ್ಲಾಪುರಕ್ಕೆ ಕಳಿಸುವುದೂ ಕೊರಿಯರ್‌ನವರಿಗೆ ಒಂದೇ, ತೆರಿಗೆಯವರಿಗೆ ಬೇರೆ. ಸರಕು ರಾಜ್ಯದ ಗಡಿ ದಾಟಿದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ನಿಮ್ಮ ಸರಕು ಆ ಪಟ್ಟಿಯಲ್ಲಿದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿಯೇ ಹೊರರಾಜ್ಯದ ಆರ್ಡರ್ ಹಿಡಿಯಿರಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಹಲವರಿಗೆ ನೆನಪಿದೆ. ಸಂಬಂಧಿಕರು ಕಳಿಸಿದ ಕೈಸಾಲ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಬಂದರೆ ಬೇರ್ಪಡಿಸಿ ತೋರಿಸುವುದು ಕಷ್ಟ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನದ ಮಾರಾಟ, ಪಾರ್ಸಲ್ ರಸೀದಿ ಬರೆದಿಡಿ.

ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾರುವವರಿಗೆ ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಎಂಬುದು ನೆನಪಿರಲಿ.

ಮೋಸ ಹೋದರೆ ಅದೇ ದೊಡ್ಡ ಖರ್ಚು

‘ಮಿಲಿಟರಿಯವನು, ಬೇರೆ ಊರಿಗೆ ವರ್ಗ ಆಗಿದೆ, ಈಗಲೇ ಹಣ ಹಾಕ್ತೀನಿ’ ಎಂದು ಫೋನ್ ಮಾಡಿ ಕ್ಯೂಆರ್ ಕೋಡ್ ಕಳಿಸುವ ವಂಚನೆ ಹಳೆಯದು, ಇನ್ನೂ ನಿಂತಿಲ್ಲ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತೆಂದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತಿದೆ ಎಂದೇ ಅರ್ಥ. ‘ಪೇಮೆಂಟ್ ಆಗಿದೆ’ ಎಂಬ ಸ್ಕ್ರೀನ್‌ಶಾಟ್ ನಂಬಿ ಸರಕು ಕೊಡಬೇಡಿ. ಬ್ಯಾಂಕ್ ಖಾತೆಗೆ ಜಮಾ ಆಗಿದ್ದು ನೋಡಿಯೇ ಕೊಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೆಲೆ ಇಡುವ ಸೂತ್ರ

ಅಸಲು + ಪ್ಯಾಕಿಂಗ್ + ಪಾರ್ಸಲ್ + ಜಾಹೀರಾತಿನ ಪಾಲು + ವಾಪಸಾತಿಗೆ ಒಂದಿಷ್ಟು + ನಿಮ್ಮ ಲಾಭ.

ಮೇಲಿನ ಉದಾಹರಣೆಯಲ್ಲಿ ಐದಕ್ಕೊಂದು ವಾಪಸ್ ಬರುವುದಾದರೆ ಮಾರಾಟವಾದ ಪ್ರತಿ ಸೀರೆಯ ಮೇಲೆ ಬಿದ್ದ ಖರ್ಚು ₹331.80. ಸೀರೆಗೆ ₹250 ಉಳಿಯಬೇಕೆಂದರೆ ಬೆಲೆ ₹1,930ರ ಹತ್ತಿರ ಇರಬೇಕು, ₹1,800 ಸಾಲದು. ಅಷ್ಟು ಬೆಲೆಗೆ ಗಿರಾಕಿ ಒಪ್ಪದಿದ್ದರೆ ಬೆಲೆ ₹1,800ಕ್ಕೇ ಇಟ್ಟು ಪಾರ್ಸಲ್ ಖರ್ಚನ್ನು ಬೇರೆ ಪಡೆಯಿರಿ. ಅದೂ ಆಗದಿದ್ದರೆ ಜಾಹೀರಾತು ನಿಲ್ಲಿಸಿ, ಈಗಾಗಲೇ ಕೊಂಡವರ ವಾಟ್ಸ್‌ಆ್ಯಪ್‌ಗೆ ಹೊಸ ಸರಕಿನ ಫೋಟೊ ಕಳಿಸಿ ನೋಡಿ. ಒಮ್ಮೆ ನಂಬಿ ಕೊಂಡ ಗಿರಾಕಿಯನ್ನು ಮತ್ತೆ ಕರೆಯಲು ಖರ್ಚಿಲ್ಲ.