ರದ್ದಿಯಿಂದ ಹರಾಜಿಗೆ: ಬ್ರಿಟಿಷ್ ಕಾಮಿಕ್ ಪತ್ರಿಕೆಗಳೂ ಅವುಗಳ ಮೂಲಚಿತ್ರಗಳೂ

2004ನೆಯ ಇಸವಿಯಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಹರಾಜಿನಲ್ಲಿ, 1937ರ ಡಿಸೆಂಬರ್ 4ರ ದಿನಾಂಕವನ್ನು ಹೊತ್ತ ‘ದಿ ಡ್ಯಾಂಡಿ’ ಎಂಬ ಮಕ್ಕಳ ವಾರಪತ್ರಿಕೆಯ ಮೊದಲ ಸಂಚಿಕೆಯ ಪ್ರತಿಯೊಂದು, ಅದರೊಡನೆ ಅಂದು ಉಚಿತವಾಗಿ ಹಂಚಿದ್ದ ಪುಟ್ಟ ಪೀಪಿಯೂ ಸೇರಿದಂತೆ, 20,350 ಪೌಂಡುಗಳಿಗೆ ಮಾರಾಟವಾಯಿತು. ಆ ಸಂಚಿಕೆಯ ಮುಖಬೆಲೆ ಎರಡು ಪೆನ್ನಿ. ಪೌಂಡೊಂದಕ್ಕೆ 240 ಪೆನ್ನಿಗಳೆಂಬ ಅಂದಿನ ಲೆಕ್ಕವನ್ನು ಹಿಡಿದರೆ, ಒಂದು ಮನುಷ್ಯಾಯುಷ್ಯಕ್ಕೂ ಕಡಮೆಯಾದ ಅವಧಿಯಲ್ಲಿ ಆ ಕಾಗದದ ಬೆಲೆ ಇಪ್ಪತ್ತನಾಲ್ಕು ಲಕ್ಷ ಪಟ್ಟನ್ನು ಮೀರಿ ಏರಿತೆಂದಾಯಿತು. ಅದೇ ವರ್ಷ ಇದರ ಸೋದರಪತ್ರಿಕೆಯಾದ ‘ದಿ ಬೀನೋ’ದ ಮೊದಲ ಸಂಚಿಕೆ 12,100 ಪೌಂಡುಗಳನ್ನು ತಂದಿತು. ಆ ಸಂಚಿಕೆಯಾದರೋ 1938ರ ಜುಲೈ ತಿಂಗಳಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕ ಸಂಖ್ಯೆಯಲ್ಲಿ ಮಾರಾಟವಾಗಿತ್ತು. ಇಂದು ಉಳಿದಿರುವುದಾಗಿ ತಿಳಿದುಬಂದಿರುವ ಪ್ರತಿಗಳು ತೀರ ಕೆಲವೇ.

ಲಕ್ಷಗಟ್ಟಲೆ ಅಚ್ಚಾದ ವಸ್ತುವೊಂದು ಅಪೂರ್ವವಾಗುವುದೆಂದರೇನು? ತಾಳೆಯೋಲೆಯ ಗ್ರಂಥ ಅಪೂರ್ವವಾಗುವುದು ಅದನ್ನು ಪ್ರತಿಮಾಡಿದವರು ಕೆಲವರೇ ಆದುದರಿಂದ. ಕಾಮಿಕ್ ಪತ್ರಿಕೆ ಅಪೂರ್ವವಾಗುವುದು ಅದನ್ನು ಎಸೆದವರು ಅಸಂಖ್ಯಾತರಾದುದರಿಂದ. ಸಂಗ್ರಾಹಕನು ಹರಾಜಿನಲ್ಲಿ ತೆರುವ ಹಣ ಪತ್ರಿಕೆಯ ಗುಣಕ್ಕೆ ಎಷ್ಟೋ, ಅದರ ಒಡಹುಟ್ಟಿದ ಪ್ರತಿಗಳ ವಿನಾಶಕ್ಕೂ ಅಷ್ಟೇ ಸಲ್ಲುತ್ತದೆ. ಆ ವಿನಾಶ ಹೇಗಾಯಿತು, ಅದರ ನಡುವೆ ಉಳಿದುದನ್ನು ಯಾರು ಉಳಿಸಿದರು, ಚಿತ್ರವನ್ನು ಬರೆದವನಿಗೆ ಅದರಿಂದ ಏನು ದೊರೆಯಿತು ಎಂಬ ಮೂರು ಸಂಗತಿಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಕಾರ್ಟೂನ್’ ಎಂಬ ಶಬ್ದದ ಮೂಲ ದಪ್ಪ ಕಾಗದವೆಂಬರ್ಥದ ಇಟಾಲಿಯನ್ ಪದ. ಭಿತ್ತಿಚಿತ್ರವನ್ನು ಬರೆಯುವ ಮೊದಲು ಅದೇ ಅಳತೆಯಲ್ಲಿ ಕಾಗದದ ಮೇಲೆ ತೆಗೆದುಕೊಳ್ಳುವ ಕರಡಿಗೆ ಆ ಹೆಸರಿತ್ತು. 1843ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಭಿತ್ತಿಚಿತ್ರಗಳಿಗಾಗಿ ಅಂಥ ಕರಡುಗಳ ಪ್ರದರ್ಶನವೊಂದು ಏರ್ಪಟ್ಟಾಗ, ಎರಡು ವರ್ಷಗಳ ಹಿಂದೆಯಷ್ಟೇ ಹುಟ್ಟಿದ್ದ ‘ಪಂಚ್’ ಪತ್ರಿಕೆಯಲ್ಲಿ ಜಾನ್ ಲೀಚ್ ಎಂಬ ಚಿತ್ರಕಾರನು, ಹರಕುಬಟ್ಟೆಯ ಬಡಜನರು ಆ ಪ್ರದರ್ಶನವನ್ನು ನೋಡುತ್ತ ನಿಂತಿರುವ ಚಿತ್ರವೊಂದನ್ನು ಬರೆದು ಪ್ರಕಟಿಸಿದನು. ಅದಕ್ಕೆ ‘ಕಾರ್ಟೂನ್, ಸಂಖ್ಯೆ 1’ ಎಂದು ಹೆಸರಾಯಿತು. ಅಂದಿನಿಂದ ಆ ಶಬ್ದ ವ್ಯಂಗ್ಯಚಿತ್ರಕ್ಕೇ ನಿಂತುಹೋಯಿತು. ಅನ್ನ ಬೇಡಿದವರಿಗೆ ಚಿತ್ರಗಳನ್ನು ತೋರಿಸಿದ ಸರ್ಕಾರದ ಮೇಲಣ ಕೋಪದಲ್ಲಿ ಈ ಅರ್ಥ ಜನಿಸಿತೆಂಬುದು, ಮುಂದೆ ಈ ಚಿತ್ರಗಳು ಸಿರಿವಂತರ ಗೋಡೆಗಳನ್ನು ಏರಿದ ಕಥೆಯನ್ನು ಓದುವಾಗ ನೆನಪಿನಲ್ಲಿರಬೇಕಾದ ಸಂಗತಿ.

ಬ್ರಿಟನ್ನಿನ ಕಾಮಿಕ್ ಪತ್ರಿಕೆಗಳ ಆರಂಭವನ್ನು 1874ರ ‘ಫನ್ನಿ ಫೋಕ್ಸ್’ನಿಂದ ಗಣಿಸುವುದು ವಾಡಿಕೆ. ಉಬ್ಬಿದ ಮೂಗಿನ, ಸಾಲಗಾರರಿಗೆ ಕಣ್ಣುತಪ್ಪಿಸಿ ತಿರುಗುವ ಆಲಿ ಸ್ಲೋಪರ್ ಎಂಬ ಪಾತ್ರವು 1867ರಲ್ಲಿ ‘ಜೂಡಿ’ ಪತ್ರಿಕೆಯಲ್ಲಿ ಹುಟ್ಟಿ, 1884ರಲ್ಲಿ ತನ್ನದೇ ಹೆಸರಿನ ವಾರಪತ್ರಿಕೆಯನ್ನು ಪಡೆಯಿತು. ಅದನ್ನು ಕಲ್ಪಿಸಿದವನು ಚಾರ್ಲ್ಸ್ ರಾಸ್. ಬಹುಕಾಲ ಚಿತ್ರಿಸಿ ಬೆಳೆಸಿದವಳು ಮರೀ ಡುವಾಲ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಆತನ ಸಂಗಾತಿ. ತರುವಾಯ 1890ರಲ್ಲಿ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ‘ಕಾಮಿಕ್ ಕಟ್ಸ್’ ಎಂಬ ಪತ್ರಿಕೆಯನ್ನು ಅರ್ಧ ಪೆನ್ನಿಗೆ ಮಾರತೊಡಗಿದನು. ಆ ಅರ್ಧ ಪೆನ್ನಿಯ ಬೆಲೆಯೇ ಪತ್ರಿಕೆಯ ಆಯುಸ್ಸನ್ನೂ ನಿರ್ಣಯಿಸಿತು. ಅಷ್ಟು ಅಗ್ಗವಾಗಿ ಮಾರಬೇಕಾದರೆ ಮರದ ತಿರುಳಿನ ಕೀಳು ಕಾಗದವೇ ಗತಿ; ಆ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ, ಮಡಿಕೆಯಲ್ಲಿ ಬಿರಿದು, ಕೊನೆಗೆ ಹಪ್ಪಳದಂತೆ ಪುಡಿಯಾಗುತ್ತದೆ. ಓದಿದ ಹುಡುಗ ಗೆಳೆಯನಿಗೆ ಕೊಟ್ಟ, ಗೆಳೆಯನ ತಾಯಿ ಒಲೆ ಹೊತ್ತಿಸಲು ತೆಗೆದುಕೊಂಡಳು, ಅಲ್ಲಿಗೆ ಅದರ ಕಥೆ ಮುಗಿಯಿತು.

ಆದರೆ ನಿಜವಾದ ಮಹಾವಿನಾಶ ಯುದ್ಧಕಾಲದ್ದು. ಸ್ಕಾಟ್ಲೆಂಡಿನ ಡಂಡೀ ನಗರದ ಡಿ. ಸಿ. ಥಾಮ್ಸನ್ ಸಂಸ್ಥೆ ‘ಡ್ಯಾಂಡಿ’, ‘ಬೀನೋ’ಗಳನ್ನು ಹೊರಡಿಸಿದ ಒಂದೆರಡು ವರ್ಷಗಳಲ್ಲಿಯೇ ದ್ವಿತೀಯ ಮಹಾಯುದ್ಧ ಪ್ರಾಪ್ತವಾಯಿತು. ಕಾಗದಕ್ಕೆ ಪಡಿತರ ಬಂದುದರಿಂದ 1941ರಿಂದ 1949ರವರೆಗೆ ಈ ಎರಡು ಪತ್ರಿಕೆಗಳೂ ವಾರ ಬಿಟ್ಟು ವಾರ ಸರದಿಯ ಮೇಲೆ ಹೊರಬರಬೇಕಾಯಿತು. ಇವುಗಳ ಮೂರನೆಯ ಒಡನಾಡಿಯಾದ ‘ಮ್ಯಾಜಿಕ್’ 80 ಸಂಚಿಕೆಗಳನ್ನು ಕಂಡು ಕಣ್ಮುಚ್ಚಿತು. ಹಳೆಯ ಕಾಗದವನ್ನು ಯುದ್ಧಕಾರ್ಯಕ್ಕೆ ಒಪ್ಪಿಸಿರೆಂದು ಈ ಪತ್ರಿಕೆಗಳೇ ತಮ್ಮ ಪುಟಗಳಲ್ಲಿ ಮಕ್ಕಳನ್ನು ಪ್ರೇರೇಪಿಸಿದವು, ಮಕ್ಕಳು ನಿಷ್ಠೆಯಿಂದ ಒಪ್ಪಿಸಿದರು. ಹಿಂದಿನ ವರ್ಷಗಳ ಸಂಚಿಕೆಗಳು ಮನೆಮನೆಯಿಂದ ರದ್ದಿಯ ಗಾಡಿಯನ್ನೇರಿ ಕಾಗದದ ಕಾರ್ಖಾನೆಯನ್ನು ಸೇರಿದವು. ಹಿಟ್ಲರ್, ಗೋರಿಂಗರನ್ನು ಹೊಟ್ಟೆಬಾಕ ಪೆದ್ದರನ್ನಾಗಿ ಚಿತ್ರಿಸಿದ ‘ಆಡಿ ಮತ್ತು ಹರ್ಮಿ’ ಮೊದಲಾದ ಕಥೆಗಳಿರುವ ಸಂಚಿಕೆಗಳಿಗೆ ಇಂದಿನ ಹರಾಜುಪಟ್ಟಿಗಳಲ್ಲಿ ಪ್ರತ್ಯೇಕ ಮರ್ಯಾದೆ ಸಲ್ಲುತ್ತಿರುವುದಕ್ಕೆ ಅವುಗಳ ವಿಷಯ ಒಂದು ಕಾರಣ, ಈ ಬಲಿದಾನ ಇನ್ನೊಂದು ಕಾರಣ.

ಉಳಿಸಿದವರು ಯಾರು? ವಿದ್ವಾಂಸರಲ್ಲ, ಗ್ರಂಥಾಲಯಗಳೂ ಮುಖ್ಯವಾಗಿ ಅಲ್ಲ. ಬಾಲ್ಯವನ್ನು ಬಿಡಲೊಲ್ಲದ ಕೆಲವು ಸಾಮಾನ್ಯ ಗೃಹಸ್ಥರು. ಹುಡುಗರ ಕಥಾಪತ್ರಿಕೆಗಳ ಅಭಿಮಾನಿಗಳು 1946ರಲ್ಲಿಯೇ ‘ಕಲೆಕ್ಟರ್ಸ್ ಡೈಜೆಸ್ಟ್’ ಎಂಬ ಸಣ್ಣ ಮಾಸಿಕವನ್ನು ಹೊರಡಿಸಿ, ಅಂಚೆಯ ಮೂಲಕ ಹಳೆಯ ಸಂಚಿಕೆಗಳ ವಿನಿಮಯವನ್ನು ನಡೆಸುತ್ತಿದ್ದರು. 1967ರಲ್ಲಿ ಪೆಂಗ್ವಿನ್ ಸಂಸ್ಥೆ ಕಾಮಿಕ್‌ಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದಾಗ ಈ ಅಭಿರುಚಿಗೆ ಸಭ್ಯಸಮಾಜದ ಮನ್ನಣೆ ದೊರೆಯಿತು. ಆದರೆ ಈ ಕ್ಷೇತ್ರವನ್ನು ಶಾಸ್ತ್ರವನ್ನಾಗಿ ಮಾಡಿದ ಗೌರವ ಡೆನಿಸ್ ಗಿಫರ್ಡ್ ಎಂಬಾತನಿಗೇ ಸಲ್ಲಬೇಕು. 1927ರಲ್ಲಿ ಜನಿಸಿದ ಈತನು ಸ್ವತಃ ಕಾಮಿಕ್ ಚಿತ್ರಕಾರನೂ ಚಲಚ್ಚಿತ್ರ ಚರಿತ್ರಕಾರನೂ ಆಗಿದ್ದು, 1975ರಲ್ಲಿ ಪ್ರಕಟಿಸಿದ ತನ್ನ ಸೂಚೀಗ್ರಂಥದಲ್ಲಿ 1874ರಿಂದ 1974ರವರೆಗಿನ ನೂರು ವರ್ಷಗಳ ಬ್ರಿಟಿಷ್ ಕಾಮಿಕ್‌ಗಳನ್ನು ಒಂದೊಂದಾಗಿ ದಾಖಲಿಸಿದನು. ಹೆಸರು ಹಾಕುವ ಪದ್ಧತಿಯೇ ಇಲ್ಲದ ಒಂದು ಉದ್ಯಮದಲ್ಲಿ, ರೇಖೆಯ ತಿರುವನ್ನು ನೋಡಿ ಇದು ಇಂಥವನ ಕೈ ಎಂದು ಗುರುತಿಸುವುದು ಆತನಿಗೆ ಸಾಧ್ಯವಿತ್ತು. ನಮ್ಮಲ್ಲಿ ಶಾಸನದ ಅಕ್ಷರವಟಿಕೆಯನ್ನು ನೋಡಿ ಶತಮಾನವನ್ನು ಹೇಳುವ ಪಂಡಿತರ ಪರಿಶ್ರಮಕ್ಕೆ ಇದನ್ನು ಹೋಲಿಸಿದರೆ ತಪ್ಪಾಗಲಾರದು.

ಪಟ್ಟಿ ಸಿದ್ಧವಾದ ಮೇಲೆ ಪೇಟೆ ಸಿದ್ಧವಾಗುವುದು ತಡವಾಗಲಿಲ್ಲ. ಏನೇನಿತ್ತೆಂಬುದು ತಿಳಿದರೆ ತಾನೇ ಏನಿಲ್ಲವೆಂಬುದು ತಿಳಿಯುವುದು! ಕಳೆದ ಶತಮಾನದ ಕೊನೆಯ ದಶಕದಿಂದ ಈ ಪತ್ರಿಕೆಗಳಿಗೇ ಮೀಸಲಾದ ಹರಾಜುಗಳು ಲಂಡನ್ನಿನಲ್ಲಿ ನಡೆಯತೊಡಗಿದವು. ಮೊದಮೊದಲು ಕೊಳ್ಳುವವರು ತಮ್ಮ ಸವಾಲನ್ನು ಅಂಚೆಯಲ್ಲಿಯೇ ಕಳುಹಿಸುತ್ತಿದ್ದರು. ಈ ಹರಾಜಿನ ಪಟ್ಟಿಗಳಲ್ಲಿ ಬೆಳೆದುಬಂದಿರುವ ವಿಮರ್ಶಾಪದ್ಧತಿ ಕುತೂಹಲಕರವಾದದ್ದು. ಮೊದಲ ಸಂಚಿಕೆಗೆ ಅಗ್ರಪೀಠ. ಕ್ರಿಸ್‌ಮಸ್ ಸಂಚಿಕೆಗೂ ನವೆಂಬರ್ ತಿಂಗಳ ಬಾಣಬಿರುಸಿನ ಸಂಚಿಕೆಗೂ ವಿಶೇಷ ಬೆಲೆ. ಮೊಳೆ ತುಕ್ಕು ಹಿಡಿದಿದ್ದರೆ, ಬೆನ್ನು ಸೀಳಿದ್ದರೆ, ಅಂಗಡಿಯವನು ಮುಖಪುಟದ ಮೇಲೆ ಪೆನ್ಸಿಲಿನಿಂದ ಗಿರಾಕಿಯ ಹೆಸರನ್ನು ಗೀಚಿದ್ದರೆ ಅಷ್ಟಷ್ಟು ಕಡಿತ. ಉಚಿತ ಕಾಣಿಕೆ ಜೊತೆಗಿದ್ದರಂತೂ ಬೆಲೆ ಎಲ್ಲಿಗೋ ಹೋಗುತ್ತದೆ, ಏಕೆಂದರೆ ಪೀಪಿಯನ್ನು ಊದದೆ ಇಟ್ಟ ಹುಡುಗ ಲಕ್ಷಕ್ಕೊಬ್ಬನೂ ಇರಲಾರನು. ಮೇಲೆ ಹೇಳಿದ ‘ಡ್ಯಾಂಡಿ’ಯ ಬೆಲೆಯ ರಹಸ್ಯವೂ ಇದೇ.

ಇನ್ನು ಮೂಲಚಿತ್ರಗಳ ವಿಷಯ. ಅಚ್ಚಾದ ಸಂಚಿಕೆಗೂ ಚಿತ್ರಕಾರನ ಕೈಯಿಂದ ಬಂದ ರಟ್ಟಿಗೂ ಇರುವ ಅಂತರ, ಉತ್ಸವಮೂರ್ತಿಯ ಪಟಕ್ಕೂ ಗರ್ಭಗುಡಿಯ ಮೂರ್ತಿಗೂ ಇರುವ ಅಂತರದಂಥದು. ಅಂಥ ಒಂದು ರಟ್ಟನ್ನು ಹತ್ತಿರದಿಂದ ನೋಡಬೇಕು. ಅಚ್ಚಿನ ಪುಟಕ್ಕಿಂತ ಅದು ಬಹಳ ದೊಡ್ಡದು. ಕುಗ್ಗಿಸಿದಾಗ ರೇಖೆ ಬಿಗಿಯಾಗಲೆಂದು ಚಿತ್ರಕಾರನು ದೊಡ್ಡದಾಗಿಯೇ ಬರೆಯುತ್ತಿದ್ದನು. ಕಪ್ಪು ಶಾಯಿಯ ಅಡಿಯಲ್ಲಿ ತಿಳಿನೀಲಿ ಪೆನ್ಸಿಲಿನ ಕರಡುರೇಖೆಗಳು ಇಣುಕುತ್ತವೆ. ಆ ನೀಲಿ ಅಚ್ಚುಕೂಟದ ಛಾಯಾಗ್ರಾಹಕನ ಫಿಲ್ಮಿಗೆ ಕಾಣದ ಬಣ್ಣವಾದುದರಿಂದ ಅದನ್ನು ಅಳಿಸುವ ಅಗತ್ಯವಿರಲಿಲ್ಲ. ತಪ್ಪಿದಲ್ಲಿ ಬಿಳಿಯ ಬಣ್ಣದ ತೇಪೆ. ಮಾತುಗಳನ್ನು ಬೇರೆ ಕಾಗದದ ಮೇಲೆ ಬರೆದು ಅಂಟಿಸಿರುವ ಗುಳ್ಳೆಗಳು. ಅಂಟು ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗಿ, ಕೆಲವೆಡೆ ಗುಳ್ಳೆಯೇ ಉದುರಿ, ಪಾತ್ರಗಳು ಬಾಯಿತೆರೆದು ಮೌನವಾಗಿ ನಿಂತಿರುತ್ತವೆ. ಅಂಚಿನಲ್ಲಿ ಸಂಪಾದಕನ ಸೂಚನೆ, ಬೆನ್ನಿನ ಮೇಲೆ ಕಛೇರಿಯ ಮುದ್ರೆ. ಲಕ್ಷಾಂತರ ಮಕ್ಕಳು ಕ್ಷಣದಲ್ಲಿ ಓದಿ ಮುಗಿಸಿದ ನಗೆಯ ಹಿಂದೆ ಒಬ್ಬ ಮನುಷ್ಯನು ಬಾಗಿ ಕುಳಿತ ದಿನಗಳ ಶ್ರಮ ಇಲ್ಲಿ ಮಾತ್ರ ಕಾಣಿಸುತ್ತದೆ.

ಆದರೆ ಈ ರಟ್ಟುಗಳು ಬರೆದವನಿಗೆ ಹಿಂದಿರುಗುವ ಪದ್ಧತಿಯಿರಲಿಲ್ಲ. ಪುಟಕ್ಕೆ ಇಷ್ಟೆಂದು ಹಣ ಕೊಟ್ಟ ಪ್ರಕಾಶಕನು ಚಿತ್ರವೂ ತನ್ನದು, ಪಾತ್ರವೂ ತನ್ನದು ಎಂದು ಭಾವಿಸುತ್ತಿದ್ದನು. ಅಚ್ಚಾದ ಮೇಲೆ ಅಸಂಖ್ಯಾತ ಚಿತ್ರಗಳು ಉಗ್ರಾಣಗಳಲ್ಲಿ ಕೊಳೆತವು, ಇಲ್ಲವೆ ಕಸವಾಗಿ ಹೋದವು. 1950ರ ಏಪ್ರಿಲ್ 14ರಂದು ಪಾದ್ರಿ ಮಾರ್ಕಸ್ ಮಾರಿಸ್ ಸಂಪಾದಕತ್ವದಲ್ಲಿ ಹೊರಟ ‘ಈಗಲ್’ ಪತ್ರಿಕೆಗೆ ‘ಡ್ಯಾನ್ ಡೇರ್’ ಎಂಬ ಗಗನವೀರನನ್ನು ಸೃಷ್ಟಿಸಿಕೊಟ್ಟ ಫ್ರಾಂಕ್ ಹ್ಯಾಂಪ್ಸನ್ನನ ಚರಿತ್ರೆ ಈ ಮಾತಿಗೆ ನಿದರ್ಶನ. ವಾರಕ್ಕೆ ಎರಡು ಪುಟಗಳಿಗಾಗಿ ಆತನು ಸಹಾಯಕರ ತಂಡವನ್ನೇ ಕಟ್ಟಿ, ಅವರಿಗೆ ವೇಷ ತೊಡಿಸಿ ನಿಲ್ಲಿಸಿ ಛಾಯಾಚಿತ್ರ ತೆಗೆದು, ಆಕಾಶನೌಕೆಗಳ ಮಾದರಿಗಳನ್ನು ಮಾಡಿಸಿ, ಬೆಳಕು ಯಾವ ಕಡೆಯಿಂದ ಬೀಳುವುದೆಂಬುದನ್ನು ಪರೀಕ್ಷಿಸಿದ ಹೊರತು ಕುಂಚವನ್ನು ಹಿಡಿಯುತ್ತಿರಲಿಲ್ಲ. ಪತ್ರಿಕೆ ಒಂಬತ್ತು ಲಕ್ಷದ ಸುಮಾರಿಗೆ ಮಾರಾಟವಾಯಿತು. ಮಾಲೀಕತ್ವ ಬದಲಾದ ಮೇಲೆ ಹ್ಯಾಂಪ್ಸನ್ ತನ್ನ ವೀರನನ್ನು ಕೈಬಿಡಬೇಕಾಯಿತು. ಆ ಪಾತ್ರದ ಮೇಲೆ ಆತನಿಗೆ ಯಾವ ಹಕ್ಕೂ ಉಳಿಯಲಿಲ್ಲ. 1975ರಲ್ಲಿ ಇಟಲಿಯ ಲುಕ್ಕಾ ಕಾಮಿಕ್ ಸಮ್ಮೇಳನವು ಆತನನ್ನು ಮಹಾಚಿತ್ರಕಾರನೆಂದು ಪುರಸ್ಕರಿಸಿತಾದರೂ, ತನ್ನ ನಾಡಿನಲ್ಲಿ ಆತನು ಒಂದು ಕಾಲೇಜಿನಲ್ಲಿ ತಾಂತ್ರಿಕ ಸಹಾಯಕನಾಗಿ ಜೀವನ ಸಾಗಿಸಿದ್ದನು. ‘ಬೀನೋ’ದ ಮಿನಿ, ಬ್ಯಾಷ್ ಸ್ಟ್ರೀಟಿನ ತುಂಟರು ಮೊದಲಾದವರ ಜನಕನಾದ ಲಿಯೋ ಬ್ಯಾಕ್ಸೆಂಡೇಲ್ ಮಾತ್ರ ಸುಮ್ಮನಿರದೆ ನ್ಯಾಯಾಲಯದ ಮೆಟ್ಟಿಲನ್ನೇರಿ, ವರ್ಷಾನುಗಟ್ಟಲೆ ಹೋರಾಡಿ, 1987ರಲ್ಲಿ ಪ್ರಕಾಶಕರೊಡನೆ ರಾಜಿಯನ್ನು ಸಾಧಿಸಿದನು.

ಈ ಮೂಲರೇಖೆಗಳನ್ನು ಕಣ್ಣಾರೆ ಕಾಣದೆ, ಅಚ್ಚಿನ ನೆರಳಿನಿಂದಲೇ ಕಲಿತವರೂ ಉಂಟು. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ‘ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಬ್ರಿಟನ್ನಿನ ಡೇವಿಡ್ ಲೋನ ವ್ಯಂಗ್ಯಚಿತ್ರಗಳನ್ನು ತದೇಕಚಿತ್ತದಿಂದ ನೋಡುತ್ತಿದ್ದರು. ಆ ರುಜುವನ್ನು ಬಹುಕಾಲ ‘ಕೌ’ ಎಂದು ಓದಿಕೊಂಡಿದ್ದುದಾಗಿ ಅವರೇ ಬರೆದಿದ್ದಾರೆ. ಆ ಕಣ್ಣಿನ ಕಲಿಕೆ ಮುಂದೆ ರಾ. ಶಿ.ಯವರ ‘ಕೊರವಂಜಿ’ಯ ಪುಟಗಳಲ್ಲಿ ಕನ್ನಡಿಗರಿಗೆ ದಕ್ಕಿತು. ಲೋ ಮೊದಲಾದವರ ಮೂಲಚಿತ್ರಗಳು ಇಂದು ಕ್ಯಾಂಟರ್‌ಬರಿಯ ಕೆಂಟ್ ವಿಶ್ವವಿದ್ಯಾನಿಲಯದ ವ್ಯಂಗ್ಯಚಿತ್ರ ಭಂಡಾರದಲ್ಲಿ ಸುರಕ್ಷಿತವಾಗಿವೆ. ಕಾಮಿಕ್ ಪುಟಗಳಿಗೆ ಅಂಥ ವಿಶಾಲವಾದ ಆಶ್ರಯ ದೊರೆತಿಲ್ಲವಾದುದರಿಂದ, ಅವುಗಳ ಪಾಲಿಗೆ ಹರಾಜೇ ಆಶ್ರಯವಾಗಿದೆ.

ಹರಾಜನ್ನು ಬರಿಯ ವ್ಯಾಪಾರವೆಂದು ತೆಗೆದುಹಾಕುವವರ ಮಾತನ್ನು ನಾನು ಒಪ್ಪಲಾರೆ. ಬೆಲೆ ಬಂದುದರಿಂದಲೇ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿದವು. ‘ಪಂಚ್’ನಲ್ಲಿ ದೀರ್ಘಕಾಲ ಬರೆದ ಇ. ಎಚ್. ಶೆಪರ್ಡ್ ‘ವಿನ್ನಿ ದ ಪೂ’ ಪುಸ್ತಕಕ್ಕಾಗಿ ರಚಿಸಿದ ಕಾಡಿನ ನಕ್ಷೆ 2018ರಲ್ಲಿ ಸೋದಬಿ ಹರಾಜಿನಲ್ಲಿ 4,30,000 ಪೌಂಡುಗಳನ್ನು ತಂದಮೇಲೆ, ಮಕ್ಕಳ ಚಿತ್ರವನ್ನು ಹರಿದು ಎಸೆಯುವ ಧೈರ್ಯ ಆ ನಾಡಿನಲ್ಲಿ ಯಾರಿಗೂ ಬರಲಾರದು. ಆದರೆ ಹರಾಜು ಕೂಡಿಸಿದ್ದನ್ನು ಒಡೆಯುತ್ತದೆಂಬುದೂ ಅಷ್ಟೇ ಸತ್ಯ. ಗಿಫರ್ಡ್ 2000ದಲ್ಲಿ ತೀರಿಕೊಂಡ ಮೇಲೆ ಆತನು ಜೀವಮಾನವೆಲ್ಲ ಕೂಡಿಸಿದ ಭಂಡಾರ ತುಂಡುತುಂಡಾಗಿ ಮಾರಾಟವಾಗಿ ಚದುರಿಹೋಯಿತು. ಅದನ್ನು ಇಡಿಯಾಗಿ ಸಾರ್ವಜನಿಕರಿಗಾಗಿ ಕೊಳ್ಳದೆ ಹೋದದ್ದು ಬ್ರಿಟನ್ನಿನ ವಿದ್ವತ್ ಸಂಸ್ಥೆಗಳ ಅಕ್ಷಮ್ಯವಾದ ಲೋಪ.

ಚಿತ್ರಕಾರನ ಪಾಲಿನ ಪ್ರಶ್ನೆಗೆ ತಡವಾಗಿಯಾದರೂ ಒಂದು ಉತ್ತರ ದೊರೆತಿದೆ. 2006ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಮರುಮಾರಾಟದ ಹಕ್ಕಿನ ಪ್ರಕಾರ, ಕಲಾವಿದನ ಮೂಲಕೃತಿ ಹರಾಜುಗಾರನ ಅಥವಾ ವೃತ್ತಿನಿರತ ವ್ಯಾಪಾರಿಯ ಮೂಲಕ ನಿಗದಿಯಾದ ಕನಿಷ್ಠ ಮೊತ್ತವನ್ನು ಮೀರಿ ಮರಳಿ ಮಾರಾಟವಾದಾಗ, ಆ ಬೆಲೆಯ ಒಂದಂಶ, ಮೊದಲ ಹಂತದಲ್ಲಿ ಶೇಕಡ 4ರಂತೆ, ಕಲಾವಿದನಿಗೆ ಸಲ್ಲಬೇಕು. 2012ರಿಂದ ಇದು ಮೃತ ಕಲಾವಿದರ ವಾರಸುದಾರರಿಗೂ ಅನ್ವಯಿಸುತ್ತದೆ. ಇಬ್ಬರು ಖಾಸಗಿ ವ್ಯಕ್ತಿಗಳು ತಮ್ಮತಮ್ಮಲ್ಲಿಯೇ ಮಾಡಿಕೊಳ್ಳುವ ಮಾರಾಟಕ್ಕೆ ಈ ನಿಯಮ ತಗಲುವುದಿಲ್ಲ. ಆದುದರಿಂದ ಮೂಲಚಿತ್ರವೊಂದನ್ನು ಕೊಳ್ಳಬಯಸುವವರು ಗುಟ್ಟಿನ ವ್ಯವಹಾರಕ್ಕಿಂತ ಬಹಿರಂಗವಾದ ಹರಾಜನ್ನೇ ಆರಿಸಿಕೊಳ್ಳುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಅಚ್ಚಾದ ಸಂಚಿಕೆಗೆ ಈ ಹಕ್ಕಿಲ್ಲ, ಕೈಬರಹದ ರಟ್ಟಿಗೆ ಮಾತ್ರ ಉಂಟು. ಕಲಾವಿದನು ತೀರಿಕೊಂಡ ಮೇಲೆ 70 ವರ್ಷಗಳವರೆಗೆ ಅದು ನಿಲ್ಲುತ್ತದೆ. ಹ್ಯಾಂಪ್ಸನ್ ತೀರಿಕೊಂಡದ್ದು 1985ರಲ್ಲಿ. ಆತನ ಸ್ವಹಸ್ತದ ಚಿತ್ರಗಳ ಮೇಲೆ ಈ ಹಕ್ಕು 2055ನೆಯ ಇಸವಿಯ ಕೊನೆಯವರೆಗೆ ಇರುತ್ತದೆ.