ತಿಪಟೂರು ಸೀಮೆಯ ಋತುಮಾನ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರವಿರುವುದರಿಂದ ಇಲ್ಲಿನ ಬೇಸಿಗೆ ರಾಯಚೂರು, ಕಲಬುರಗಿಯಷ್ಟು ಉಗ್ರವಲ್ಲ. ಏಪ್ರಿಲ್ ಕೊನೆಯ ಭರಣಿ ಮಳೆ ಗುಡುಗು, ಬಿರುಗಾಳಿಯೊಡನೆ ಬರುತ್ತದೆ. ಆ ಹದಕ್ಕೆ ಹೆಸರು, ಅಲಸಂದೆ ಬಿತ್ತುತ್ತಾರೆ. ಮಳೆಗಾಲ ಎನಿಸಿಕೊಂಡರೂ ಜೂನ್–ಜುಲೈನಲ್ಲಿ ಹೆಚ್ಚಾಗಿ ಮೋಡ, ಗಾಳಿ, ತುಂತುರು ಅಷ್ಟೇ. ಕೆರೆ ತುಂಬಿಸುವುದು ಸೆಪ್ಟೆಂಬರ್–ಅಕ್ಟೋಬರ್ ಮಳೆ. ರಾಗಿ ತೆನೆಗಟ್ಟುವುದೂ ಅದರಿಂದಲೇ. ಡಿಸೆಂಬರ್‌ನಿಂದ ಮುಂಜಾನೆ ಇಬ್ಬನಿ, ಹಗಲು ಒಣಬಿಸಿಲು.

ತೆಂಗಿಗೆ ಮಾತ್ರ ಒಂದೇ ಸುಗ್ಗಿಯಿಲ್ಲ. ಕಿತ್ತ ಕಾಯಿ ಅಟ್ಟದ ಮೇಲೆ 8ರಿಂದ 12 ತಿಂಗಳು ಕೂತು, ನೀರಿಂಗಿ, ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಒಳಗೆ ಗಿಟುಕು ಸದ್ದು ಮಾಡುತ್ತದೆ. ಹೊಂಬಾಳೆಯಿಂದ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕಾದ್ದರಿಂದ ಬರದ ಪೆಟ್ಟು ಮುಂದಿನ ವರ್ಷದ ಇಳುವರಿಯಲ್ಲೂ ಕಾಣುತ್ತದೆ.