ಬಿಗಿ ಯಾರ ಕೈಯಲ್ಲಿ?

ಹಾಸನ ಜಿಲ್ಲೆಯ ಅರಕಲಗೂಡು ತಾಲೂಕಿನ ರಾಮನಾಥಪುರದಂಥ ಊರುಗಳಲ್ಲಿ ರವಿಕೆ ಹೊಲಿಯಲು ಕೊಡುವ ಹೆಂಗಸರು ಹೆಚ್ಚಾಗಿ ಮೈ ಅಳತೆ ಕೊಡುವುದಿಲ್ಲ, ಅಳತೆ ರವಿಕೆ ಕೊಡುತ್ತಾರೆ. ಹಳೆಯದು, ಮೈಗೆ ಸರಿಯಾಗಿ ಕೂತದ್ದು. ‘ಇದೇ ಅಳತೆ, ಕಂಕುಳಲ್ಲಿ ಚೂರು ಲೂಸು ಬಿಡಿ, ಒಳಗೆ ಬಟ್ಟೆ ಇರಲಿ’ ಅಂದರೆ ಮಾತು ಮುಗಿಯಿತು. ಒಳಗೆ ಬಟ್ಟೆ ಇರಲಿ ಅಂದರೆ ಪಕ್ಕದ ಹೊಲಿಗೆಯಲ್ಲಿ ಒಂದೆರಡು ಇಂಚು ಮಡಿಸಿ ಬಿಡಿ, ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಹಿಗ್ಗಿಸಬಹುದು ಎಂದು. ಅದೇ ಮನೆಯ ಕಾಲೇಜು ಹುಡುಗಿ ಮೊಬೈಲಿನಲ್ಲಿ ಎದೆಯಿಂದ ಸೊಂಟದವರೆಗೆ ದಾರ ಬಿಗಿಯುವ ಬಸ್ಟಿಯರ್ ಸೆಟ್ಟೊಂದನ್ನು ನೋಡಿದರೆ ಕಂಪನಿ ಅವಳನ್ನು ಕೇಳುವುದು ಬೇರೆಯದನ್ನು: ಎದೆಯ ಕೆಳಗೆ ಎಷ್ಟು, ಎದೆಯ ಮೇಲೆ ಎಷ್ಟು, ಸೊಂಟ ಎಷ್ಟು.

ಹೆಣ್ಣಿನ ಎದೆಯುಡುಪಿನ ಚರಿತ್ರೆಯನ್ನು ನಾಚಿಕೆಯ ಚರಿತ್ರೆಯೆಂದೋ ಅಲಂಕಾರದ ಚರಿತ್ರೆಯೆಂದೋ ಬರೆಯುವುದು ವಾಡಿಕೆ. ನನಗೆ ಅದು ಬಿಗಿಯ ಚರಿತ್ರೆಯಾಗಿ ಕಾಣುತ್ತದೆ. ಎಷ್ಟು ಬಿಗಿ ಎಂಬುದನ್ನು ತೀರ್ಮಾನಿಸುವವರು ಯಾರು? ತೊಟ್ಟವಳೋ, ಹೊಲಿದವನೋ, ಕಾರ್ಖಾನೆಯ ಪಟ್ಟಿಯೋ?

ಹಾಸನ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳುವವರು ಮೊದಲು ಬೇಲೂರಿಗೆ ಹೋಗಲೇಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಹೆಚ್ಚಿನವರ ಎದೆಯ ಮೇಲೆ ಹಾರ ಪದಕಗಳಿವೆಯೇ ಹೊರತು ಹೊಲಿದ ಬಟ್ಟೆ ಕಾಣುವುದಿಲ್ಲ. ಶಿಲ್ಪವನ್ನು ನೋಡಿ ಆ ಕಾಲದ ಹೆಂಗಸರ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಹೇಳಲಾಗದು. ಕಲ್ಲುಕುಟಿಗನಿಗೆ ಬೇಕಾದದ್ದು ಮೈಯ ತಿರುವು. ಆದರೆ ಶಿಲ್ಪಶಾಸ್ತ್ರಕ್ಕೆ ಎದೆಯ ಪಟ್ಟಿ ಗೊತ್ತಿತ್ತು. ದಕ್ಷಿಣದ ವಿಷ್ಣು ವಿಗ್ರಹಗಳ ಪಕ್ಕದಲ್ಲಿ ನಿಲ್ಲುವ ಇಬ್ಬರು ದೇವಿಯರಲ್ಲಿ ಶ್ರೀದೇವಿಗೆ ಕುಚಬಂಧ ಇರುತ್ತದೆ, ಭೂದೇವಿಗೆ ಇರುವುದಿಲ್ಲ. ಇಬ್ಬರನ್ನೂ ಗುರುತಿಸುವ ಒಂದು ಲಕ್ಷಣವೇ ಅದು. ಹೊಲಿಗೆಯಿಲ್ಲದ, ಸುತ್ತಿ ಬಿಗಿದು ಗಂಟು ಹಾಕುವ ಪಟ್ಟಿ. ಅದಕ್ಕೆ ಸೈಜಿನ ಹಂಗಿಲ್ಲ. ಮುಂದೆ ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದ ಜೈನ ಮಠದ ಗೋಡೆಗಳಿಗೆ ಬಂದರೆ ಕಾಲ ಬದಲಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರನ್ನೂ ಚಿತ್ರಿಸಿರುವ ಆ ಗೋಡೆಗಳ ಹೆಂಗಸರು ಸೀರೆಯುಟ್ಟು ಕುಪ್ಪಸ ತೊಟ್ಟವರು.

ಆ ಕುಪ್ಪಸದ ಬುದ್ಧಿವಂತಿಕೆ ಇರುವುದು ಅದರ ಮುಂದಿನ ಗಂಟಿನಲ್ಲಿ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣ ಅಗಲ ಕಿರಿದಾದ ಬಟ್ಟೆ. ಒಂದು ತುಂಡಿನಲ್ಲಿ ಒಂದು ಕುಬಸ, ಅಂದರೆ ಕುಪ್ಪಸ, ಆಗಬೇಕು ಎಂಬ ಲೆಕ್ಕಕ್ಕೇ ಹುಟ್ಟಿದ್ದು. ಬಟ್ಟೆಯನ್ನು ಹಾಳು ಮಾಡದೆ ಕತ್ತರಿಸಿ, ಕಂಕುಳಲ್ಲಿ ಚೌಕದ ಸಣ್ಣ ತುಂಡು ಸೇರಿಸಿ, ಎದೆಯ ಕೆಳಗೆ ಎರಡು ತುದಿಗಳನ್ನು ಉಳಿಸಿ ಅವನ್ನೇ ಗಂಟು ಹಾಕುವುದು. ಕಂಕುಳ ತುಂಡಿನಿಂದ ಕೈ ಎತ್ತಲು ಸಲೀಸು. ಬೀಸುವವಳಿಗೆ, ಕುಟ್ಟುವವಳಿಗೆ, ನಾಟಿ ಹಾಕುವವಳಿಗೆ ಅದು ಬೇಕು. ಗಂಟಿನಿಂದ ಎದೆಗೆ ಕೆಳಗಿನಿಂದ ಆಸರೆ. ಉಂಡಾಗ ಸಡಿಲ, ಕೆಲಸಕ್ಕೆ ನಿಂತಾಗ ಬಿಗಿ. ಮಗುವಿಗೆ ಹಾಲೂಡಿಸಲು ಬಿಚ್ಚಿದರಾಯಿತು. ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಶಾಸ್ತ್ರಕ್ಕೇ ಕುಬಸ ಎಂದು ಹೆಸರು. ಮೈ ದಿನದಿನಕ್ಕೆ ಬದಲಾಗುತ್ತಿರುವ ಹೊತ್ತಿನಲ್ಲಿ ಹೆಣ್ಣಿಗೆ ಕೊಡುವ ಉಡುಗೊರೆ ಗಂಟಿನ ಕುಬಸವಾಗಿದ್ದರೆ ಅದರಲ್ಲಿ ಲೆಕ್ಕಾಚಾರವೂ ಇದೆ. ಹಳೇ ಮೈಸೂರು ಕಡೆ ಅಂಥದೇ ತುಂಡು ರವಿಕೆ ಕಣವಾಗಿ ಗೌರಿ ಹಬ್ಬದ ಬಾಗಿನಕ್ಕೆ ಸೇರಿತು. (ಈಗ ಅದು ಹೊಲಿಸಿಕೊಳ್ಳುವ ವಸ್ತುವಾಗಿ ಉಳಿದಿಲ್ಲ, ಮನೆಯಿಂದ ಮನೆಗೆ ಸುತ್ತುವ ನಾಣ್ಯವಾಗಿದೆ. ನಾವು ಕೊಟ್ಟದ್ದೇ ನಮಗೆ ವಾಪಸು ಬಂದದ್ದನ್ನು ಬಣ್ಣದಿಂದ ಗುರುತಿಸಿದವರು ಎಷ್ಟು ಜನವೋ.)

ಬೆನ್ನಿಗೆ ದಾರ ಬಿಗಿಯುವ ಬಟ್ಟೆ ಪರದೇಶದ್ದು ಎನ್ನುವವರು ಲಂಬಾಣಿ ತಾಂಡಾಗಳಿಗೆ ಹೋಗಿ ನೋಡಬೇಕು. ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯಲ್ಲೂ ತಾಂಡಾಗಳಿವೆ. ಅಲ್ಲಿನ ಹೆಂಗಸರ ರವಿಕೆಯಾದ ಕಾಂಚಳಿಗೆ ಬೆನ್ನಿನ ಬಟ್ಟೆಯೇ ಇಲ್ಲ; ಎದೆಯ ಮುಂದೆ ಕನ್ನಡಿ ಚೂರು, ಕವಡೆ, ಕಸೂತಿ ಒತ್ತೊತ್ತಾಗಿ ತುಂಬಿದ ಗಟ್ಟಿ ಫಲಕ, ಬೆನ್ನಿಗೆ ದಾರ. ಅಷ್ಟು ಕಸೂತಿಯಾದ ಮೇಲೆ ಮುಂಭಾಗ ಬಾಗದೆ ನಿಲ್ಲುತ್ತದೆ. ಯೂರೋಪಿನವರು ತಿಮಿಂಗಿಲದ ಬಾಯಿಯ ಎಲುಬಿನಂಥ ಪಟ್ಟಿ ಸೇರಿಸಿ ಸಾಧಿಸಿದ್ದನ್ನು ಇವರು ಸೂಜಿ ದಾರದಲ್ಲೇ ಸಾಧಿಸಿದರು ಎಂದು ಹೇಳಬಹುದು. ಭಾರ ಮುಂದೆ, ಹಿಡಿತ ಹಿಂದೆ, ಬೆನ್ನಿಗೆ ಗಾಳಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಅಂಗಡಿಗೆ ಬರುವುದು ಬ್ಯಾಗು, ದಿಂಬಿನ ಚೀಲ, ಗೋಡೆಗೆ ನೇತು ಹಾಕುವ ಪಟ್ಟಿ. ಕಸೂತಿ ಉಳಿಯಿತು, ಅದು ಕೂತಿದ್ದ ಉಡುಪಿನ ಕಟ್ಟು ಚರ್ಚೆಗೇ ಬರಲಿಲ್ಲ.

ಏನೂ ತೊಡದಿರುವುದೂ ಈ ಚರಿತ್ರೆಯ ಭಾಗವೇ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ತುಳಸಿ ಗೌಡ ಬರಿಗಾಲಲ್ಲಿ, ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ ನಡೆದು ಬಂದರು. ರವಿಕೆಯಿಲ್ಲದೆ ಸುತ್ತಿದ ಸೀರೆ, ಕೊರಳ ತುಂಬ ಮಣಿಸರ. ಸೆಕೆಯ ಕರಾವಳಿಗೆ ಅದೇ ಹಿತ. ಅದೇ ಕರಾವಳಿಯುದ್ದಕ್ಕೆ ತೆಂಕಣಕ್ಕೆ ಇಳಿದರೆ, ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುಡುಪು ತೊಡುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ 1859ರಲ್ಲಿ ರಾಜಾಜ್ಞೆ ಪಡೆಯಬೇಕಾಯಿತು. ತೊಡದೆ ಇರುವುದು ಒಬ್ಬಳಿಗೆ ನೆಮ್ಮದಿ, ಇನ್ನೊಬ್ಬಳಿಗೆ ಹೇರಿಕೆ.

ಇನ್ನು ಪರದೇಶದ ಕಥೆ. 2008ರಲ್ಲಿ ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯ ದುರಸ್ತಿಯ ವೇಳೆ ನೆಲದಡಿ ತುಂಬಿದ್ದ ಕಸದಲ್ಲಿ ಹದಿನೈದನೆಯ ಶತಮಾನದ ನಾರುಬಟ್ಟೆಯ ತುಂಡುಗಳು ಸಿಕ್ಕವು. ಅವುಗಳಲ್ಲಿ ಕೆಲವು ಬೇರೆ ಬೇರೆ ಕಪ್ ಇದ್ದ ಬ್ರಾಗಳೇ; ಒಂದರ ಪಕ್ಕದಲ್ಲಿ ದಾರ ಪೋಣಿಸುವ ರಂಧ್ರಗಳ ಸಾಲೂ ಇತ್ತು. ಆಮೇಲಿನ ಶತಮಾನಗಳಲ್ಲಿ ದಾರ ಉಳಿಯಿತು, ಆದರೆ ಮೈಯ ಆಕಾರಕ್ಕೆ ಬಟ್ಟೆ ಹೊಂದುವ ಬದಲು ಬಟ್ಟೆಯ ಆಕಾರಕ್ಕೆ ಮೈ ಹೊಂದುವ ಕಾರ್ಸೆಟ್ಟಿನ ಕಾಲ ಬಂತು. ಬಟ್ಟೆಗೆ ಕೈಯಿಂದ ಹೊಲಿದ ತೂತು ಜಾಸ್ತಿ ಎಳೆದರೆ ಹರಿಯುತ್ತದೆ. ಆ ದೌರ್ಬಲ್ಯವೇ ಒಂದು ಕಾವಲಾಗಿತ್ತು. 1820ರ ದಶಕದ ಕೊನೆಯಲ್ಲಿ ತೂತಿಗೆ ಕೂರಿಸುವ ಲೋಹದ ಐಲೆಟ್ ಬಂದ ಮೇಲೆ ಎಷ್ಟು ಎಳೆದರೂ ತಡೆಯಿತು, ಎಳೆದರು. 1889ರಲ್ಲಿ ಪ್ಯಾರಿಸಿನ ಎರ್ಮಿನಿ ಕಡೋಲ್ ಕಾರ್ಸೆಟ್ಟನ್ನು ನಡುವಿಗೆ ಕತ್ತರಿಸಿ ಮೇಲೊಂದು ಕೆಳಗೊಂದು ಮಾಡಿದಳು. 1914ರ ನವೆಂಬರಿನಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರ್ಚೀಫು, ಒಂದು ರಿಬ್ಬನ್ನಿನಿಂದ ಹುಟ್ಟಿದ ತನ್ನ ಬ್ರಾಗೆ ಪೇಟೆಂಟ್ ಪಡೆದಳು. ಕಟ್ಟಿಕೊಳ್ಳುವಂಥದ್ದಾದ್ದರಿಂದ ಹಲವು ಮೈಗಳಿಗೆ ಒಂದೇ ಸಾಕಾಗುತ್ತಿತ್ತು. ಆ ಹಕ್ಕನ್ನು ಕೊಂಡ ವಾರ್ನರ್ ಕಂಪನಿಯೇ 1930ರ ದಶಕದಲ್ಲಿ ಎ, ಬಿ, ಸಿ, ಡಿ ಎಂಬ ಕಪ್ ಅಳತೆಯನ್ನು ಮಾರುಕಟ್ಟೆಗೆ ಹರಡಿತು. ಅಲ್ಲಿಗೆ ಬಿಗಿ ತೊಟ್ಟವಳ ಕೈ ತಪ್ಪಿ ಅಕ್ಷರಗಳ ಕೈ ಸೇರಿತು. 1958ರಲ್ಲಿ ಡುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಲೈಕ್ರಾ ನೂಲು ಒಂದಿಷ್ಟು ರಿಯಾಯಿತಿ ಕೊಟ್ಟಿತು, ಹಿಗ್ಗುವ ಕೆಲಸವನ್ನು ಗಂಟಿನ ಬದಲು ಬಟ್ಟೆಯೇ ಮಾಡಿತು.

ನಮ್ಮಲ್ಲಿ ಈ ಬದಲಾವಣೆ ತಂದದ್ದು ಮೊದಲಿಗೆ ಹೊಲಿಗೆ ಯಂತ್ರ. ಸಿಂಗರ್ ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ, ಉಷಾ 1930ರ ದಶಕದಲ್ಲಿ. ಯಂತ್ರದ ಹಿಂದೆಯೇ ಹುಕ್ಕು, ಕಾಜ, ಟಕ್ಸು ಬಂದವು. ಗಂಟಿನ ಕುಪ್ಪಸ ಹಳ್ಳಿ ಅಜ್ಜಿಯರದ್ದಾಯಿತು, ಹುಕ್ಕಿನ ಜಾಕೀಟು ಓದಿದವರದ್ದು. ಒಳಗೆ ತೊಡಲು ಬಂದದ್ದನ್ನು ನಮ್ಮ ಕಡೆಯ ಹಿರಿಯರು ಇವತ್ತಿಗೂ ಬಾಡಿ ಎಂದೇ ಕರೆಯುತ್ತಾರೆ. ಮೇಡನ್‌ಫಾರ್ಮ್ ಕಂಪನಿ 1949ರಲ್ಲಿ ತಂದ ಮೊನಚು ಕಪ್ಪಿನ ಬ್ರಾ ಜಗತ್ತಿನ ಸಿನಿಮಾ ನಾಯಕಿಯರ ಎದೆಯ ಗೆರೆಯನ್ನೇ ಬದಲಿಸಿತು. ಅದರ ನೆರಳು ನಮ್ಮ ದರ್ಜಿಗಳ ಟಕ್ಸಿನ ಮೇಲೂ ಬಿತ್ತು. 1971ರ ‘ಶರಪಂಜರ’ ಚಿತ್ರದ ಕಲ್ಪನಾ ಅವರ ಸೀರೆ ರವಿಕೆಗಳನ್ನು ನೋಡಿ ಹೊಲಿಸಿಕೊಂಡ ತಲೆಮಾರಿಗೆ ರವಿಕೆ ‘ಕೂರಬೇಕು’. ಸುಕ್ಕಿಲ್ಲದೆ, ಬೆರಳು ತೂರದಂತೆ. ಉಸಿರಿನ ಮಾತು ಆಮೇಲೆ. ನಂತರ ಕಟೋರಿ, ಪ್ರಿನ್ಸೆಸ್ ಕಟ್, ಒಳಗೇ ಕಪ್ ಹೊಲಿದ ಬ್ಲೌಸು, ಬೆನ್ನಿಗೆ ಡೋರಿ. ಈ ಡೋರಿ ಹೆಚ್ಚಿನ ಬ್ಲೌಸುಗಳಲ್ಲಿ ತೋರಿಕೆಗೆ ಮಾತ್ರ, ಹಿಡಿತವೆಲ್ಲ ಹುಕ್ಕಿನದೇ.

ಹಾಸನಕ್ಕೆ ಈ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಜಾಕಿ ಹೆಸರಿನ ಒಳ ಉಡುಪು ತಯಾರಿಸುವ ಪೇಜ್ ಇಂಡಸ್ಟ್ರೀಸ್ ಹಾಸನದಲ್ಲೂ ಘಟಕ ಇಟ್ಟಿತು. ಹಿಮತ್‌ಸಿಂಗ್ಕಾ ಹಾಸಿಗೆ ಬಟ್ಟೆಗಳನ್ನು ಇಲ್ಲಿಂದ ಹೊರದೇಶಗಳಿಗೆ ಕಳಿಸುತ್ತದೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಎನ್ನುವುದು ಮನೆಮಾತು. ಬೆಂಗಳೂರಿನಲ್ಲೇ ಗೋಕಲ್‌ದಾಸ್ ಸಂಸ್ಥೆ ಫ್ರಾನ್ಸಿನ ಬಾರ್ಬರಾ ಕಂಪನಿಯ ಜೊತೆ ಸೇರಿ ಎನಾಮರ್ ತಂದಿತು. 2011ರಲ್ಲಿ ಅಲ್ಲೇ ರಿಚಾ ಕರ್ ಶುರುಮಾಡಿದ ಜಿವಾಮೆ, ಒಳ ಉಡುಪನ್ನು ಆನ್‌ಲೈನಿನಲ್ಲಿ ಮಾರಿತು. ಅಂಗಡಿಯಲ್ಲಿ ಗಂಡಸೊಬ್ಬ ಕಣ್ಣಳತೆಯಲ್ಲೇ ‘ಮೂವತ್ತನಾಲ್ಕಾ?’ ಎಂದು ಕೇಳಿ, ಡಬ್ಬಿ ತೆಗೆದು, ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ ಕಾಲಕ್ಕೆ ಅದು ದೊಡ್ಡ ಬಿಡುಗಡೆಯೇ. ಹೊಳೆನರಸೀಪುರದ ಹುಡುಗಿಗೂ ಬೆಂಗಳೂರಿನವಳಿಗೂ ಒಂದೇ ತೆರೆಯಲ್ಲಿ ಬಸ್ಟಿಯರ್ ಕಂಡದ್ದು ಇಂಥ ಮಾರಾಟದಿಂದ.

ಹಾಗಾದರೆ ಈ ಬಸ್ಟಿಯರ್ ಮೈ ಮೇಲೆ ಹೇಗಿರುತ್ತದೆ? ಸಾಮಾನ್ಯ ಬ್ರಾದಲ್ಲಿ ಭಾರದ ಬಹುಪಾಲನ್ನು ಹೊರುವುದು ಹೆಗಲ ಪಟ್ಟಿಯಲ್ಲ, ಎದೆಯ ಕೆಳಗೆ ಸುತ್ತುವ ಪಟ್ಟಿ. ಬಸ್ಟಿಯರಿನಲ್ಲಿ ಆ ಪಟ್ಟಿಯೇ ಸೊಂಟದವರೆಗೆ ಇಳಿದಿರುತ್ತದೆ. ಉದ್ದಕ್ಕೆ ನಿಲ್ಲಿಸಿದ ಗಟ್ಟಿ ಪಟ್ಟಿಗಳಾದ ಬೋನ್‌ಗಳು ಎದೆಯ ಭಾರವನ್ನು ಪಕ್ಕೆಗೂ ಸೊಂಟಕ್ಕೂ ದಾಟಿಸುತ್ತವೆ. ಹೆಗಲಿಗೆ ಕೆಲಸವೇ ಇಲ್ಲ. ಸರಿಯಾಗಿ ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಎರಡು ಅಂಗೈ ನಡುವೆ ಹಿಡಿದಂಥ ನೆಮ್ಮದಿ ಇರುತ್ತದೆ. ಸರಿಯಾಗಿ ಕೂರದಿದ್ದರೆ ಎದೆಯ ಕೆಳಗೆ ಬರೆ, ಕಂಕುಳ ಪಕ್ಕ ಮಾಂಸದ ಉಬ್ಬು, ಊಟಕ್ಕೆ ಕೂತಾಗ ಏದುಸಿರು.

ಎಲ್ಲ ದಾರವೂ ದಾರವಲ್ಲ. ಅಗ್ಗದ ಸೆಟ್ಟುಗಳಲ್ಲಿ ಮುಂದಿನ ದಾರ ಶೋಕಿಗೆ, ಬಿಗಿಯೆಲ್ಲ ಪಕ್ಕದ ಜಿಪ್ಪಿನದು. ನಿಜವಾದ ದಾರವಿದ್ದರೆ ಕಟ್ಟಿದ ಮೇಲೆ ಬೆನ್ನಿನ ಎರಡು ಅಂಚುಗಳ ನಡುವಿನ ಬಿಡುವನ್ನು ನೋಡಿ ಬಹಳಷ್ಟು ತಿಳಿಯಬಹುದು. ಮೇಲಿಂದ ಕೆಳಗೆ ಒಂದೇ ಸಮ ಬಿಡುವಿದ್ದರೆ ಕತ್ತರಿಕೆ ಮೈಗೆ ಹೊಂದಿದೆ. ಮೇಲೆ ಅಗಲವಾಗಿ ಕೆಳಗೆ ಕೂಡಿಕೊಂಡರೆ ಎದೆಯ ಭಾಗ ಸಾಲದಾಗಿದೆ. ಎಷ್ಟು ಎಳೆದರೂ ಅದು ಸರಿಹೋಗದು. ಅಂಚುಗಳು ಪೂರ್ತಿ ಕೂಡಿ ಹೋದರೆ ಬಟ್ಟೆ ದೊಡ್ಡದು, ಇನ್ನು ಬಿಗಿಯಲು ಜಾಗವಿಲ್ಲ. ಒಳ್ಳೆಯದರಲ್ಲಿ ಅಡ್ಡಡ್ಡ ಹೆಣೆದ ದಾರವನ್ನು ಸೊಂಟದ ಹತ್ತಿರ ಎರಡು ಕುಣಿಕೆಯಾಗಿ ಹೊರಗೆ ಎಳೆದಿರುತ್ತಾರೆ. ಆಗ ಸೊಂಟವನ್ನು ಬಿಗಿದೂ ಎದೆಯನ್ನು ಸಡಿಲ ಬಿಡಬಹುದು.

ನನ್ನ ಪರೀಕ್ಷೆ ಬೇರೆ: ತೊಟ್ಟು ಚಕ್ಕಂಬಕ್ಕಲ ಹಾಕಿ ನೆಲಕ್ಕೆ ಕೂರುವುದು. ಈ ಉಡುಪು ಕುರ್ಚಿಯ ಮೇಲೆ ನೆಟ್ಟಗೆ ಕೂರುವವರ ನಾಡಿನಲ್ಲಿ ರೂಪಗೊಂಡದ್ದು. ನೆಲಕ್ಕೆ ಕೂತೊಡನೆ ಉದ್ದದ ಬೋನ್ ಕೆಳಗೆ ತೊಡೆಗೆ, ಮೇಲೆ ಎದೆಗೆ ಚುಚ್ಚುತ್ತದೆ. ಗಿಡ್ಡ ನಡುವಿನವರಿಗಂತೂ ಖಂಡಿತ. ಅಗ್ಗದ ಪ್ಲಾಸ್ಟಿಕ್ ಬೋನ್ ಮೈಕಾವಿಗೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಸುರುಳಿ ಸುತ್ತಿದ ಉಕ್ಕಿನದು ಮೈ ತಿರುಗಿದ ಕಡೆ ತಿರುಗಿ ವಾಪಸು ಬರುತ್ತದೆ. ಬಟ್ಟೆ ಹೆಚ್ಚಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್ ಲೇಸ್. ಹವಾನಿಯಂತ್ರಿತ ಕೋಣೆಯಲ್ಲಿ ಎರಡು ಗಂಟೆಗೆ ಏನೂ ತೊಂದರೆಯಿಲ್ಲ. ರಾಮನಾಥಪುರದ ಸುತ್ತ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಎಲೆ ಪೋಣಿಸುವ ಹೆಂಗಸಿಗೆ ಅದರ ಮಾತೇ ಬೇಡ. ಅಲ್ಲಿ ಹತ್ತಿಯೇ ಗತಿ. ತಂಬಾಕು ಮಂಡಳಿಯ ಹರಾಜಿನ ದುಡ್ಡು ಕೈಗೆ ಬಂದ ಮೇಲೆ, ಸುಬ್ರಹ್ಮಣ್ಯ ಷಷ್ಠಿಯ ಜಾತ್ರೆಯ ಹೊತ್ತಿಗೆ, ಮಗಳ ಮದುವೆಯ ಪಟ್ಟಿಯಲ್ಲಿ ಇಂಥದ್ದೊಂದು ಸದ್ದಿಲ್ಲದೆ ಸೇರುವುದು ಬೇರೆ ವಿಷಯ. ಸೇರಿದರೆ ಒಳಗೊಂದು ತೆಳು ಹತ್ತಿಯ ಲೈನಿಂಗ್ ಕೊಡಿಸುವುದು, ಜಾರುವ ಸ್ಯಾಟಿನ್ ದಾರ ತೆಗೆದು ಚಪ್ಪಟೆ ಲಾಡಿ ಪೋಣಿಸುವುದು ಜಾಣತನ. ಒಗೆಯುವಾಗ ಬಿಸಿನೀರು ಬೇಡ, ಎಲಾಸ್ಟಿಕ್ ಸತ್ತರೆ ಬೋನ್ ಒಂದೇ ಏನೂ ಮಾಡದು.

ಉಳಿದದ್ದು ಅಳತೆಪಟ್ಟಿಯ ಸಮಸ್ಯೆ. ಎದೆಯ ಸುತ್ತಳತೆಗೂ ಅದರ ಕೆಳಗಿನ ಸುತ್ತಳತೆಗೂ ಇರುವ ವ್ಯತ್ಯಾಸದ ಮೇಲೆ ಕಪ್ ನಿಂತಿದೆ. 34 ಬಿ, 32 ಸಿ, 36 ಎ ಮೂರರಲ್ಲೂ ಕಪ್ಪಿನ ಗಾತ್ರ ಒಂದೇ ಎಂಬುದು ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಸಾಲದ್ದಕ್ಕೆ ಈ ಪಟ್ಟಿಗಳ ಮೂಲ ಅಮೆರಿಕ, ಯೂರೋಪಿನ ಮೈಗಳು. ಭಾರತೀಯರಿಗೆ ಭಾರತೀಯರದೇ ಅಳತೆ ಬೇಕೆಂದು ಜವಳಿ ಸಚಿವಾಲಯ ಮತ್ತು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಸೇರಿ ಇಂಡಿಯಾಸೈಜ್ ಯೋಜನೆ ಕೈಗೊಂಡವು. ಮೈಯನ್ನು ಮುಟ್ಟದೆ ಮೂರು ಆಯಾಮದ ಸ್ಕ್ಯಾನರಿನಿಂದ 25,000ಕ್ಕೂ ಹೆಚ್ಚು ಜನರನ್ನು ಅಳೆಯುವ ಗುರಿ. ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಶಿಲ್ಲಾಂಗ್ ಜೊತೆ ಬೆಂಗಳೂರೂ ಆ ಆರು ನಗರಗಳಲ್ಲಿ ಒಂದು. ಯೋಜನೆ ಒಳ್ಳೆಯದೇ. ಆದರೆ ಆಯ್ದ ಊರುಗಳೆಲ್ಲ ನಗರಗಳು. ಗದ್ದೆಯಲ್ಲಿ ಬಗ್ಗಿ, ತಲೆಯ ಮೇಲೆ ಹೊರೆ ಹೊತ್ತು ತೋಳು ಬೆನ್ನು ಅಗಲವಾದ ಅರಕಲಗೂಡಿನ ಹೆಂಗಸಿನ ಮೈ ಬೆಂಗಳೂರಿನ ಸರಾಸರಿಯೊಳಗೆ ಸಿಗುವುದೆಂದು ನನಗೆ ಅನ್ನಿಸುವುದಿಲ್ಲ. ಅವಳಿಗೆ ಸದ್ಯಕ್ಕೆ ಎರಡು ದಾರಿ: ಬೆನ್ನಿಗೆ ನಿಜವಾದ ದಾರವಿರುವುದನ್ನು ಆರಿಸಿಕೊಳ್ಳುವುದು, ಇಲ್ಲವೇ ಒಂದು ಸೈಜು ದೊಡ್ಡದು ತರಿಸಿ ಪಕ್ಕದ ಬೀದಿಯ ಟೈಲರಮ್ಮನಿಂದ ಹಿಡಿಸಿಕೊಳ್ಳುವುದು.